ಒಬ್ಬರಿಗೊಂದು ಕೋಣೆ

ಲಾಂಚಿನಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವುದು ನನ್ನ ಅಂಗಡಿ, ಅಂಗಡಿಯೊಳಗೆ ನನ್ನ ಮುಖ. ಹಾಗಾಗಿ ಎಲ್ಲಿ ಉಳಿಯಬೇಕು, ಎಲ್ಲಿ ತಿನ್ನಬೇಕು ಎಂದು ಎಲ್ಲರೂ ಕೇಳುವುದು ನನ್ನನ್ನೇ. ಮಂಚ ಬೇಕಾದವರು ಗುಡ್ಡದ ಮೇಲಿನ ಹೊಸ ವಸತಿಗೆ ಹೋಗಿ, ಅಲ್ಲಿ ದೊಡ್ಡ ಗಾಜಿನ ಕಿಟಕಿಯೂ ಇದೆ, ಕಣ್ಣು ಬಿಡಿಸುವ ಬಾಡಿಗೆಯೂ ಇದೆ. ನೆಲದ ಮೇಲೆ ಮಲಗಬಲ್ಲವರು ಊರೊಳಗಿನ ಮಿನ್‌ಬಾಕ್‌ಗೆ ಹೋಗಿ. ಮನೆಯ ಒಂದು ಕೋಣೆ ನಿಮಗೆ, ಊಟ ಮನೆಯವರ ಜೊತೆ. ಬೂಟು ಹೊರಗೆ ಬಿಡಿ. ಕಾರ್ಡು ಉಜ್ಜುವ ಯಂತ್ರ ಎಲ್ಲರ ಮನೆಯಲ್ಲೂ ಇರುವುದಿಲ್ಲ, ಕೈಯಲ್ಲಿ ನೋಟು ಇರಲಿ. ಚಳಿಗಾಲದಲ್ಲಿ ಗಾಳಿ ಎದ್ದರೆ ಲಾಂಚು ನಿಂತುಬಿಡುತ್ತದೆ, ಒಂದು ಜೊತೆ ಬಟ್ಟೆ ಜಾಸ್ತಿಯೇ ತನ್ನಿ. ಇಷ್ಟನ್ನು ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಒಬ್ಬರೇ ಬಂದವರಿಗೆ ಏನು ಹೇಳಬೇಕೆಂಬುದು ಮಾತ್ರ ನಮ್ಮ ದ್ವೀಪದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂಟಿಯಾಗಿ ಬಂದವರಿಗೆ ನಮ್ಮಲ್ಲಿ ಕೋಣೆ ಕೊಡುವುದಿಲ್ಲ. ಹಾಗಂತ ಬೋರ್ಡು ಬರೆದು ತೂಗುಹಾಕಿಲ್ಲ. "ಅಯ್ಯೋ, ಎಲ್ಲಾ ಭರ್ತಿಯಾಗಿದೆಯಲ್ಲ" ಅನ್ನುತ್ತಾರೆ, ಹಿಂದೆ ಖಾಲಿ ಕೋಣೆಯ ಬಾಗಿಲು ಗಾಳಿಗೆ ಪಟಪಟ ಬಡಿಯುತ್ತಿದ್ದರೂ. ಬೇಸಿಗೆಯಲ್ಲಾದರೆ ಪರವಾಗಿಲ್ಲ. ಗಾಳ ಹಿಡಿದು ಬಂದ ಗಂಡಸರಾದರೂ ಪರವಾಗಿಲ್ಲ. ಆದರೆ ಚಳಿಗಾಲದಲ್ಲಿ ಸಣ್ಣದೊಂದು ಚೀಲ ಹಾಕಿಕೊಂಡು ಒಬ್ಬರೇ ಇಳಿದರೆ ಇಡೀ ಊರಿನ ತಲೆಯಲ್ಲಿ ಬರುವುದು ಒಂದೇ ಯೋಚನೆ: ಇವರು ವಾಪಸು ಹೋಗಲು ಬಂದವರಲ್ಲ.

ಹಾಗೆ ಹೆದರುವುದಕ್ಕೆ ಕಾರಣವಿತ್ತು. ಹಿಂದೊಂದು ಚಳಿಗಾಲ ಪಿಲ್ಸೂನ್ ಅಕ್ಕನ ಮಿನ್‌ಬಾಕ್‌ನಲ್ಲಿ ಒಬ್ಬ ಮನುಷ್ಯ ಉಳಿದಿದ್ದ. ಕಡಲಪಾಚಿಯ ಸಾರಿನಲ್ಲಿ ಹೊಟ್ಟೆ ತುಂಬ ಅನ್ನ ಉಂಡ, ತಲೆ ಬಾಗಿಸಿ ಚೆನ್ನಾಗಿತ್ತು ಎಂದ, ಆಮೇಲೆ ಕಡಲಿಗೆ ಚಾಚಿದ ಕಡಿದಾದ ಅಜ್ಜಿಬಂಡೆಯ ಕಡೆ ನಡೆದುಹೋದವನು ತಿರುಗಿ ಬರಲಿಲ್ಲ. ಗಂಡ ಸತ್ತಾಗಲೂ ಅಷ್ಟು ಅಳದ ಪಿಲ್ಸೂನ್ ಅಕ್ಕ ಆ ಅಪರಿಚಿತನಿಗೆ ಅತ್ತಳು. "ಅನ್ನ ಇನ್ನೊಂಚೂರು ಹಾಕ್ಲಾ ಅಂತ ಕೇಳ್ದೆ ಕಣೇ. ಏನಪ್ಪಾ ನಿನ್ ಕಷ್ಟ ಅಂತ ಕೇಳ್ಲಿಲ್ಲ" ಎಂದು ಸಿಕ್ಕಿದವರ ಮುಂದೆಲ್ಲ ಹೇಳುತ್ತಿದ್ದಳು. ಅಂದಿನಿಂದ ಊರಿಗೆ ಆ ಬಂಡೆ ಕಂಡರೆ ಆಗದು, ಒಂಟಿ ಅತಿಥಿ ಕಂಡರೂ ಆಗದು.

ಸೋಹ್ವಾ ಬಂದಿಳಿದದ್ದು ಅಂಥದೇ ಚಳಿಯಲ್ಲಿ. ನಲವತ್ತರ ಆಸುಪಾಸಿನ ಹೆಂಗಸು, ಗಂಡಸರ ಕ್ರಾಪು, ಬೆನ್ನಿಗೊಂದು ಚೀಲ. ಬಿಸಿ ಬಾರ್ಲಿ ಚಹಾ ಕೊಟ್ಟೆ. ಕುಡಿಯುತ್ತ ಅವಳು ಪ್ರಶ್ನೆ ಕೇಳತೊಡಗಿದಳು.

"ಚಿಕ್ಕಮ್ಮ, ಆ ಬಂಡೆ ಹತ್ರ ಹೋಗೋ ದಾರಿ ಯಾವಾಗ್ಲೂ ತೆರೆದಿರುತ್ತಾ?"

"ಯಾಕೆ?"

"ಸುಮ್ನೆ. ಬೇಲಿ ಗೀಲಿ ಇದೆಯಾ? ಒಬ್ಬರೇ ಹೋದ್ರೆ ಯಾರಾದ್ರೂ ತಡೀತಾರಾ?"

"ನಾನು ತಡೀತೀನಿ" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ.

ಕೋಣೆ ಹುಡುಕಲು ಹೋದವಳು ಮನೆಮನೆ ಸುತ್ತಿ, ಕಿವಿ ಕೆಂಪಗೆ ಮಾಡಿಕೊಂಡು ಮತ್ತೆ ನನ್ನ ಅಂಗಡಿಗೇ ಬಂದಳು. ಎಲ್ಲ ಭರ್ತಿಯಂತೆ. ಲಾಂಚಿನಿಂದ ಇಳಿದವಳು ಅವಳೊಬ್ಬಳೇ, ಊರು ಯಾರಿಂದ ಭರ್ತಿಯಾಯಿತೋ ದೇವರೇ ಬಲ್ಲ. ನನಗೆ ಊರಿನ ಮೇಲೂ ಸಿಟ್ಟು ಬಂತು, ಇವಳ ಮೇಲೂ ಸಿಟ್ಟು ಬಂತು. ಕೊನೆಗೆ ಪಿಲ್ಸೂನ್ ಅಕ್ಕನ ಅಂಗಳಕ್ಕೆ ಕರೆದುಕೊಂಡು ಹೋದೆ. ಅಕ್ಕ ಅವಳ ಚೀಲ ನೋಡಿದಳು, ಮುಖ ನೋಡಿದಳು, ಆಮೇಲೆ ಬಹಳ ಹೊತ್ತು ಅವಳ ಕೆಂಪು ಕಿವಿಗಳನ್ನೇ ನೋಡಿದಳು.

"ಒಬ್ಬಳೇನಾ?"

"ಹೌದಮ್ಮ, ಒಬ್ಬಳೇ."

"ಒಳಗ್ ಬಾ" ಎಂದಳು ಅಕ್ಕ. ನನ್ನ ಕಡೆ ತಿರುಗಿ ಮೆಲ್ಲಗೆ, "ಈ ಸಲ ಬಿಡಲ್ಲ ಕಣೇ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ" ಎಂದಳು.

ಅವಳು ಸೋಹ್ವಾಳಿಗೆ ಕೊಟ್ಟದ್ದು ಮನೆಯ ಅತಿ ಬೆಚ್ಚಗಿನ ಮಣ್ಣಿನ ಕೋಣೆ. ಉಳಿದ ಕೋಣೆಗಳಿಗೆ ಬಾಯ್ಲರು ಬಂದಿದ್ದರೂ ಅದಕ್ಕೆ ಮಾತ್ರ ಅಕ್ಕ ಸೌದೆಯ ಒಲೆಯನ್ನೇ ಉಳಿಸಿಕೊಂಡಿದ್ದಳು. ಪಟ್ಟಣದವರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಒಲೆ ಇರುವುದು ಗೋಡೆಯಾಚೆ. ಅದರ ಹೊಗೆ ನೆಲದ ಚಪ್ಪಡಿಗಳ ಕೆಳಗೆ ಹಾದು ಇನ್ನೊಂದು ಬದಿಯ ಚಿಮಣಿಯಿಂದ ಹೊರಗೆ ಹೋಗುತ್ತದೆ, ಹೋಗುತ್ತ ನೆಲವನ್ನೆಲ್ಲ ಕಾಯಿಸುತ್ತದೆ. ಒಲೆಯ ಕಡೆಯ ತುದಿ ಎಲ್ಲಕ್ಕಿಂತ ಬಿಸಿ. ಅದು ಮನೆಯ ಹಿರಿಯರು ಮಲಗುವ ಜಾಗ, ಅತಿಥಿ ಬಂದರೆ ಅತಿಥಿಯದು. ಅಕ್ಕ ಆ ಶರತ್ಕಾಲದಲ್ಲಷ್ಟೇ ನೆಲಕ್ಕೆ ಹೊಸ ಎಣ್ಣೆಕಾಗದ ಅಂಟಿಸಿದ್ದಳು. ಜೇನಿನ ಬಣ್ಣದ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಿಸಿಯ ತುದಿಯಲ್ಲಿ ದಪ್ಪ ಹಾಸಿಗೆ ಹಾಸಿ, "ಇಲ್ಲೇ ಮಲಗ್ಬೇಕು ಮಗಳೇ, ಬೆನ್ನು ಬೆಚ್ಚಗಾದ್ರೆ ಮನಸ್ಸೂ ಬೆಚ್ಚಗಾಗುತ್ತೆ" ಎಂದಳು.

ಸಂಜೆ ಊಟಕ್ಕೆ ನಾನೂ ಕುಳಿತೆ. ಊರಿನ ಮುಖ್ಯಸ್ಥ ಪ್ಯೋ ಕೂಡ ಏನೋ ನೆಪ ಹೇಳಿಕೊಂಡು ಬಂದ. ಪ್ಯೋ ಒಳ್ಳೆಯವನೇ, ಆದರೆ ಧ್ವನಿವರ್ಧಕದಲ್ಲಿ ಮಾತಾಡಿ ಮಾತಾಡಿ ಮನೆಯೊಳಗೂ ಊರಿಗೆಲ್ಲ ಕೇಳುವ ಹಾಗೆಯೇ ಮಾತಾಡುತ್ತಾನೆ.

"ಏನ್ ಕೆಲ್ಸ ನಿಮ್ದು?"

"ಪುಸ್ತಕ ಬರೀತೀನಿ. ಒಂಟಿಯಾಗಿ ಊರು ಸುತ್ತೋರಿಗೆ. ಎಲ್ಲಿ ಉಳೀಬಹುದು, ಎಲ್ಲಿ ಒಬ್ಬರಿಗೂ ಊಟ ಬಡಿಸ್ತಾರೆ, ಯಾವ ದಾರಿ ಅಪಾಯ, ಅಂಥದ್ದೆಲ್ಲ."

ಪ್ಯೋ ನನ್ನ ಮುಖ ನೋಡಿದ. "ಒಂಟಿಯಾಗಿ ತಿರುಗೋರಿಗೆ ಪುಸ್ತಕಾನಾ? ಅವ್ರಿಗ್ ಯಾಕೆ ಪುಸ್ತಕ, ಮೊದ್ಲು ಒಂದು ಜೊತೆ ಹುಡುಕ್ಕೊಳ್ಳಿ ಅನ್ನಿ!"

"ಅದನ್ನೂ ಬರೀತೀನಿ ಬಿಡಿ, ನಿಮ್ಮ ಹೆಸರು ಹಾಕಿ" ಎಂದು ಸೋಹ್ವಾ ನಕ್ಕಳು. ಅಕ್ಕ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಅವಳ ಅನ್ನದ ಮೇಲೆ ಇಡುತ್ತಿದ್ದಳು. ಅವಳು ಹೇಳಿದ್ದನ್ನು ನಮ್ಮಲ್ಲಿ ಯಾರೂ ನಂಬಲಿಲ್ಲ. ಹೊರಗೆ ಬೂಟು ಹಾಕಿಕೊಳ್ಳುವಾಗ ಪ್ಯೋ ಪಿಸುಗುಟ್ಟಿದ, ಅಂದರೆ ಅವನ ಲೆಕ್ಕದಲ್ಲಿ ಪಿಸುಗುಟ್ಟಿದ: "ಕೇಳಿದ್ರೆ ಹೇಳೋಕೆ ಅಂತ ಮೊದ್ಲೇ ಒಂದು ಕಥೆ ಕಟ್ಕೊಂಡ್ ಬಂದವ್ಳೆ. ಎಲ್ರೂ ಹಂಗೇ."

ಮರುದಿನ ಬೆಳಿಗ್ಗೆ ಅವಳು ಹಣೆ ಒತ್ತಿಕೊಳ್ಳುತ್ತ ಅಂಗಡಿಗೆ ಬಂದಳು. ತಲೆನೋವಂತೆ, ಹೊಟ್ಟೆ ತೊಳಸುತ್ತಂತೆ. ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತ ಮೇಲೆ ಸರಿಹೋಯಿತು. ಹಿಂದೆಯೇ ಬಂದ ಪಿಲ್ಸೂನ್ ಅಕ್ಕ ನನ್ನ ತೋಳು ಚಿವುಟಿದಳು.

"ರಾತ್ರಿಯೆಲ್ಲ ಅತ್ತಿದ್ದಾಳೆ ಕಣೇ. ಅತ್ರೆ ತಲೆ ನೋಯದೇ ಇರುತ್ತಾ? ಆದ್ರೆ ಮುಖ ನೋಡು, ನಿನ್ನೆ ಬಿಳುಚ್ಕೊಂಡಿತ್ತು, ಇವತ್ತು ಕೆನ್ನೆಗೆ ರಂಗು ಬಂದಿದೆ."

ಹೌದು, ಕೆನ್ನೆ ಕೆಂಪಗಿತ್ತು. ಚಳಿಗೆ ಎಂದುಕೊಳ್ಳಬಹುದಿತ್ತು, ಆದರೆ ನಮಗೆ ಬೇಕಾದದ್ದು ಅಕ್ಕ ಹೇಳಿದ ಅರ್ಥವೇ. ನನಗೂ ಸಮಾಧಾನವಾಯಿತು. ಅಕ್ಕ ಮನೆಗೆ ಹೋಗಿ ಒಲೆಗೆ ಇನ್ನಷ್ಟು ಓಕ್ ಸೌದೆ ತುರುಕಿದಳು. ಕೆಂಡವಾದ ಮೇಲೆ ಕಾವು ಹೊರಹೋಗದಿರಲೆಂದು ಒಲೆಯ ಬಾಯಿಗೆ ಕಬ್ಬಿಣದ ಮುಚ್ಚಳ ಇಟ್ಟಳು.

ಆ ದಿನವೆಲ್ಲ ಊರು ಸೋಹ್ವಾಳ ಹಿಂದೆ ಬಿತ್ತು. ಅವಳು ಅಜ್ಜಿಬಂಡೆಯ ಕಡೆ ಹೆಜ್ಜೆಯಿಟ್ಟರೆ ಪ್ಯೋನ ಹೆಂಡತಿಗೆ ಅಲ್ಲೇ ಸೊಪ್ಪು ಕೀಳುವ ಕೆಲಸ ಬರುತ್ತಿತ್ತು, ಹಿಮದಲ್ಲಿ ಎಂಥ ಸೊಪ್ಪೋ! ಬಂಡೆಯ ಫೋಟೋ ತೆಗೆದರೆ, "ಹೋಗೋ ಮುಂಚೆ ಎಲ್ರೂ ಹಿಂಗೇ ತೆಗೀತಾರೆ" ಅಂದರು. ಒಂದು ಮನೆಯಲ್ಲಿ ಚಹಾ ಕುಡಿಸಿದರು, ಇನ್ನೊಂದರಲ್ಲಿ ಸುಟ್ಟ ಗೆಣಸು ಕೊಟ್ಟರು, ಮುಂಚಿನ ದಿನ ಭರ್ತಿಯಾಗಿದ್ದ ಮನೆಗಳೇ. ಅವಳಿಗೆ ಪಾಪ, ಈ ಊರಿನವರು ತಡವಾಗಿಯಾದರೂ ಎಷ್ಟು ಒಳ್ಳೆಯವರು ಎನ್ನಿಸಿತಂತೆ. ನಮ್ಮ ಅಷ್ಟೂ ಕಣ್ಣು ಬಂಡೆಯ ಮೇಲಿತ್ತು. ನೆಲದ ಕಡೆ ಒಬ್ಬರೂ ನೋಡಲಿಲ್ಲ.

ಅದರ ಮಾರನೆಯ ದಿನ ಗಾಳಿ ಎದ್ದಿತು. ಲಾಂಚು ಬರುವುದಿಲ್ಲವೆಂದು ಪ್ಯೋ ಧ್ವನಿವರ್ಧಕದಲ್ಲಿ ಕೂಗಿದ. ಕಡಲ ಕಡೆಯಿಂದ ಬೀಸುವ ಆ ಗಾಳಿ ಚಿಮಣಿಯ ಬಾಯಿಗೇ ನುಗ್ಗುತ್ತದೆ, ಹೊಗೆಯನ್ನು ಮೇಲೇಳಲು ಬಿಡುವುದಿಲ್ಲ. ಇದು ನಮಗೆಲ್ಲ ಹುಟ್ಟಿನಿಂದ ಗೊತ್ತಿರುವ ಸಂಗತಿ. ಗೊತ್ತಿದ್ದು ಏನು ಬಂತು.

ಬೆಳಿಗ್ಗೆ ಸೋಹ್ವಾ ಬಂದಾಗ ಅವಳ ನಡಿಗೆ ಸರಿಯಿರಲಿಲ್ಲ. ನನ್ನ ಕಟ್ಟೆಯ ಮೇಲೆ ಧೊಪ್ಪನೆ ಕುಳಿತಳು.

"ಚಿಕ್ಕಮ್ಮ, ಹೊರಗೆ ಬಂದ್ರೆ ಆರಾಮಾಗುತ್ತೆ, ಆ ಕೋಣೆಗೆ ಹೋದ್ರೆ ತಲೆ ಸಿಡಿಯುತ್ತೆ. ಅಮ್ಮಂಗೆ ಹೇಳಿ ಬೇರೆ ಕೋಣೆ ಕೊಡಿಸ್ತೀರಾ? ಕಿಟಕಿ ತೆಗೆಯೋಣ ಅಂದ್ರೆ ಹೊರಗಡೆಯಿಂದ ಕೊಂಡಿ ಹಾಕಿದಾರೆ."

ಕೊಂಡಿ ಹಾಕಿದ್ದು ಅಕ್ಕ. ಹಿಂದಿನ ಕಿಟಕಿಯಿಂದ ಇಳಿದರೆ ಬಂಡೆಯ ದಾರಿ ಹತ್ತಿರವೆಂದು, ಮರದ ಕದ ಮುಚ್ಚಿ ಭದ್ರ ಮಾಡಿದ್ದಳು. ನಾನು ಹೋಗಿ ಹೇಳಿದೆ. ಅಕ್ಕ ತಲೆಯಾಡಿಸಿದಳು.

"ಬೇರೆ ಕೋಣೆ ನನ್ ಕೋಣೆಯಿಂದ ದೂರ ಇದೆ, ಎದ್ದು ಹೋದ್ರೂ ಗೊತ್ತಾಗಲ್ಲ. ಒಬ್ಬಳೇ ಕೂತಾಗ ದುಃಖ ಒತ್ತರಿಸಿ ಬರುತ್ತೆ, ಅದಕ್ಕೇ ಕೋಣೆ ಬೇಡ ಅಂತಾಳೆ. ಇವತ್ತು ನಾನೇ ಅವಳ ಪಕ್ಕ ಮಲಗ್ತೀನಿ."

ನನಗೆ ಅದು ಸರಿಯೆನ್ನಿಸಿತು. ಅಷ್ಟು ಪ್ರೀತಿಯಿಂದ ಹೇಳಿದ ಮಾತು ತಪ್ಪಾಗಿರಬಹುದೆಂದು ಯಾರಿಗೆ ಹೊಳೆಯುತ್ತದೆ?

ಮಧ್ಯಾಹ್ನ ಊಟದ ಮೇಲೆ ಗಲಾಟೆಯಾಯಿತು. ಕೋಣೆಯಿಂದ ತೂರಾಡುತ್ತ ಹೊರಬಂದ ಸೋಹ್ವಾ, ಬೂಟನ್ನೂ ಸರಿಯಾಗಿ ಹಾಕಿಕೊಳ್ಳದೆ, ಗಾಳಿಗೆ ಎದುರಾಗಿ ಬಂಡೆಯ ದಾರಿಯಲ್ಲಿ ನಡೆಯುತ್ತಿದ್ದಳು. ಪ್ಯೋ ಓಡಿಹೋಗಿ ಹಿಡಿದ. ನಾನೂ ಅಕ್ಕನೂ ಹಿಂದೆಯೇ ಓಡಿದೆವು.

"ಬಿಡಿ, ಗಾಳಿ ಬೇಕು ನಂಗೆ, ಬರೀ ಗಾಳಿ" ಎಂದಳು ಅವಳು. ಮಾತು ಕುಡಿದವರ ಮಾತಿನಂತೆ ಇತ್ತು.

"ಗಾಳಿ ಎಲ್ಲಿಗೂ ಹೋಗಲ್ಲ ಮಗಳೇ, ನಾಳೆ ನೋಡೋಣ" ಎಂದು ಅಕ್ಕ ಅವಳನ್ನು ತಬ್ಬಿಕೊಂಡಳು. ಮೂವರೂ ಸೇರಿ ಅವಳನ್ನು ಬೆಚ್ಚಗಿನ ಕೋಣೆಗೆ ತಿರುಗಿ ಕರೆತಂದೆವು. ಹೊಸ್ತಿಲ ಹತ್ತಿರ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು; ಪ್ಯೋ ಒಂದೊಂದೇ ಬೆರಳು ಬಿಡಿಸಿದ.

ಅಕ್ಕ ಅಡುಗೆಮನೆಯಿಂದ ಹಿತ್ತಾಳೆಯ ಚಮಚ ತಂದು ಪ್ಯೋನ ಕೈಗಿಟ್ಟಳು. ನಮ್ಮ ಹಳೆಯ ಬಾಗಿಲುಗಳಿಗೆ ಬೀಗವಿಲ್ಲ, ಹೊರಗಿನ ಬಳೆಯೊಳಗೆ ಚಮಚ ತೂರಿಸಿದರೆ ಒಳಗಿನವರು ಎಷ್ಟು ಎಳೆದರೂ ತೆರೆಯದು. "ನಾನು ಒಳಗಿರ್ತೀನಿ. ಅವಳು ನಿದ್ದೆ ಹೋಗೋ ತನಕ ತೆಗೀಬೇಡ. ಅಳ್ತಾಳೆ, ಕಿರುಚ್ತಾಳೆ, ಸುಳ್ಳು ಹೇಳ್ತಾಳೆ. ಏನ್ ಹೇಳಿದ್ರೂ ತೆಗೀಬೇಡ. ಆ ಮನುಷ್ಯನ್ನ ಬಿಟ್ಟ ಹಾಗೆ ಇವಳನ್ನ ಬಿಡಲ್ಲ ನಾನು" ಎಂದಳು.

"ಇಷ್ಟೆಲ್ಲ ಬೇಕಾ ಅಕ್ಕಾ?" ಎಂದೆ.

"ನೀನು ಹೋಗಿ ಅವಳ ತಲೆನೋವಿಗೆ ಏನಾದ್ರೂ ತಾ, ನಿಂತ್ಕೊಂಡು ಪ್ರಶ್ನೆ ಕೇಳ್ಬೇಡ" ಎಂದು ಬೈದು ಒಳಗೆ ಹೋದಳು. ಅವಳನ್ನು ಎದ್ದುನಿಂತ ಹಾಗೆ ನಾನು ನೋಡಿದ್ದು ಅದೇ ಕೊನೆ.

ಅಂಗಡಿಯ ಹಿಂದಿನ ನನ್ನ ಮನೆಗೆ ಬಂದೆ. ಗ್ರಾಹಕರ ಜೊತೆ ಒಂದೆರಡು ಮಾತು ಆಯಿತು, ಗಾಳಿಗೆ ಕಿತ್ತುಹೋದ ತಗಡು ಸಿಕ್ಕಿಸಿದ್ದಾಯಿತು. ಆಮೇಲೆ ಹಿತ್ತಲ ಮಡಕೆಯ ಮುಚ್ಚಳ ತೆಗೆದೆ. ಚಳಿಗಾಲಕ್ಕೆಂದು ಉಪ್ಪುನೀರಿನಲ್ಲಿ ಹುಳಿಯಲು ಹಾಕಿಟ್ಟ ಮೂಲಂಗಿಯ ನೀರುಕಿಮ್ಚಿ, ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ನಮ್ಮ ಮನೆಯಲ್ಲಿ ತಲೆನೋವೆಂದರೆ ಅದರ ಹುಳಿ ನೀರೇ ಔಷಧ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಸೌಟು ಅದ್ದಿದೆ. ಆಗ, ಚಿಕ್ಕಂದಿನಲ್ಲಿ ನನ್ನ ಅಮ್ಮ ಆ ನೀರನ್ನು ನನ್ನ ಬಾಯಿಗೆ ಹುಯ್ಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ನಾನು ಅಂಗಳದ ಹಿಮದಲ್ಲಿ ಮಲಗಿದ್ದೇನೆ, ತಂಗಿಯೂ ಮಲಗಿದ್ದಾಳೆ, ಅಮ್ಮ ಕೆನ್ನೆಗೆ ಬಡಿದು ಬಡಿದು ಎಬ್ಬಿಸುತ್ತಿದ್ದಾಳೆ. ಅಮ್ಮ ಅದನ್ನು ಎಲ್ಲ ತಲೆನೋವಿಗೂ ಕೊಡುತ್ತಿರಲಿಲ್ಲ. ಒಲೆಯ ವಿಷಗಾಳಿ ನೆಲದ ಬಿರುಕಿನಿಂದ ಮೇಲೆ ಬಂದ ಬೆಳಿಗ್ಗೆಗಳಲ್ಲಿ ಕೊಡುತ್ತಿದ್ದದ್ದು. ಆ ಬೆಳಿಗ್ಗೆ ತಂಗಿಯ ಕೆನ್ನೆಯೂ ಕೆಂಪಗಿತ್ತು.

ಸೌಟು ಎಲ್ಲಿ ಬಿತ್ತೋ ತಿಳಿಯದು. ಈ ವಯಸ್ಸಿನಲ್ಲಿ ನಾನು ಹಾಗೆ ಓಡಬಲ್ಲೆನೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಪ್ಯೋ ಜಗಲಿಯ ಮೇಲೆ ಕಂಬಳಿ ಹೊದ್ದು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಜನ್ಮದಲ್ಲಿ ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ.

"ಶ್... ಈಗಷ್ಟೇ ಮಲಗಿದ್ಲು. ಏನ್ ರಂಪ ಅಂತೀರಿ ಅಕ್ಕಾ! ಅಮ್ಮ ಏಳ್ತಾ ಇಲ್ಲ, ಮಾತಾಡ್ತಾ ಇಲ್ಲ, ಬಾಗ್ಲು ತೆಗೀರಿ ಅಂತ ಬಡಿದಿದ್ದೇ ಬಡಿದಿದ್ದು. ಎಂಥಾ ನಾಟಕ! ನಾನೇನಾದ್ರೂ ತೆಗೀತೀನಾ? ಈಗ ಸುಮ್ಮನಾಗಿದ್ದಾಳೆ ನೋಡಿ."

ಅವನನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿದೆ. ಚಮಚ ಬಳೆಯಲ್ಲಿ ಬಿಗಿದುಕೊಂಡಿತ್ತು, ಎಷ್ಟು ಎಳೆದರೂ ಬಾರದು. "ಏನ್ ಮಾಡ್ತಿದೀರಿ, ಅಕ್ಕ ಹೇಳಿದ್ರಲ್ಲ..." ಎನ್ನುತ್ತಿದ್ದ ಪ್ಯೋ ನನ್ನ ಮುಖ ನೋಡಿ ಮಾತು ನಿಲ್ಲಿಸಿದ, ತಾನೇ ಎರಡೂ ಕೈಯಿಂದ ಹಿಡಿದು ಎಳೆದ.

ಒಳಗೆ ಹೊಗೆಯಿರಲಿಲ್ಲ. ಹೊಗೆ ಇದ್ದಿದ್ದರೆ ನಮಗೆಲ್ಲ ಎಂದೋ ಬುದ್ಧಿ ಬರುತ್ತಿತ್ತು. ಬೆಚ್ಚಗಿತ್ತು, ಅಚ್ಚುಕಟ್ಟಾಗಿತ್ತು. ಸೋಹ್ವಾ ಕಿಟಕಿಯ ಕೆಳಗೆ ಮೊಣಕಾಲೂರಿ, ಕಿಟಕಿಗೆ ಗಾಜಿನ ಬದಲು ಅಂಟಿಸಿದ್ದ ಕಾಗದವನ್ನು ಉಗುರಿನಿಂದ ಹರಿದು, ಹೊರಗಿನ ಮರದ ಕದದ ಸಂದಿಗೆ ಬಾಯಿ ಒತ್ತಿಕೊಂಡು ಕುಸಿದಿದ್ದಳು. ಬೆರಳ ತುದಿಗಳಲ್ಲಿ ರಕ್ತ. ಪಿಲ್ಸೂನ್ ಅಕ್ಕ ಬಿಸಿಯ ತುದಿಯಲ್ಲಿ, ಅತಿಥಿಯ ದಪ್ಪ ಹಾಸಿಗೆಯ ಮೇಲೆ, ಗಲ್ಲದವರೆಗೆ ಹೊದ್ದು ಮಲಗಿದ್ದಳು. ವರ್ಷಗಳಿಂದ ಅಷ್ಟು ಚೆಲುವಾದ ಮುಖ ನೋಡಿರಲಿಲ್ಲ ನಾನು. ಎರಡೂ ಕೆನ್ನೆ ಕೆಂಪಾಗಿದ್ದವು.

ಇಬ್ಬರನ್ನೂ ಅಂಗಳಕ್ಕೆ ಎಳೆದು ಹಾಕಿದೆವು. ಹಿಮದಲ್ಲಿ ಮಲಗಿಸಿ ಕೆನ್ನೆಗೆ ಬಡಿದೆ, ಅಮ್ಮ ಬಡಿಯುತ್ತಿದ್ದ ಹಾಗೆಯೇ. ಸೋಹ್ವಾ ವಾಂತಿ ಮಾಡಿಕೊಂಡು ಉಸಿರೆಳೆದಳು. ಅಕ್ಕನಿಗೆ ಎಷ್ಟು ಬಡಿದರೂ ಪ್ರಯೋಜನವಾಗಲಿಲ್ಲ. ಗಾಳಿಗೆ ಹೆಲಿಕಾಪ್ಟರು ಏಳಲಾರದು; ಕರಾವಳಿ ಕಾವಲು ಪಡೆಯ ದೋಣಿ ಅಲೆಗಳ ಜೊತೆ ಗುದ್ದಾಡಿ ಬರುವಷ್ಟರಲ್ಲಿ ಅವಳ ಕೈ ನನ್ನ ಕೈಗಿಂತ ತಣ್ಣಗಾಗಿತ್ತು. ಪ್ಯೋ ಜಗಲಿಯ ಮೇಲೆ ಕುಳಿತೇ ಇದ್ದ. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

ಆಮೇಲೆ ತನಿಖೆಗೆ ಬಂದವರು ಆ ಹೊಳೆಯುವ ಎಣ್ಣೆಕಾಗದವನ್ನು ಸುಲಿದು ನೋಡಿದರು. ಬಿಸಿಯ ತುದಿಯಲ್ಲಿ, ಹಾಸಿಗೆಯ ಸರಿಯಾಗಿ ಕೆಳಗೆ, ಚಪ್ಪಡಿ ಕುಸಿದು ಮಣ್ಣು ಬಾಯಿ ಬಿಟ್ಟಿತ್ತು.

ಅಕ್ಕನ ಮಗಳು ಮಿರಾನ್ ಬೂಸಾನ್‌ನಿಂದ ಬಂದಳು. ಶವದ ಕೆಲಸವೆಲ್ಲ ಮುಗಿದ ಮೇಲೆ, ಆ ಹೆಂಗಸನ್ನು ನೋಡಬೇಕು ಎಂದಳು. ಬೈಯಲು ಹೋಗುತ್ತಿದ್ದಾಳೋ ಏನೋ ಎಂದು ನಾನೂ ಜೊತೆಗೆ ಹೋದೆ. ದಡದ ಪಟ್ಟಣದ ಆಸ್ಪತ್ರೆಯಲ್ಲಿ ಸೋಹ್ವಾ ಬೆರಳಿಗೆಲ್ಲ ಬಟ್ಟೆ ಸುತ್ತಿಸಿಕೊಂಡು ಕುಳಿತಿದ್ದಳು. ಮಿರಾನ್‌ಳನ್ನು ಕಂಡ ತಕ್ಷಣ ಅವಳು ಹೇಳಿದ್ದು, "ಬಿಸಿ ಜಾಗ ನಂದಾಗಿತ್ತು. ನಾನೇ ಹಟ ಮಾಡಿ ಅಮ್ಮನ್ನ ಅಲ್ಲಿ ಮಲಗಿಸ್ದೆ. ಹಿರಿಯರನ್ನ ತಣ್ಣಗಿನ ಕಡೆ ಮಲಗಿಸಿ ನಾನು ಹೇಗೆ ಮಲಗ್ಲಿ ಅಂತ."

ಮಿರಾನ್ ಅವಳ ಮಂಚದ ಪಕ್ಕ ಕುಳಿತಳು. ಆಮೇಲೆ ಕೇಳಿದಳು: "ಅಮ್ಮ ಕೊನೇಲಿ ಏನಾದ್ರೂ ಹೇಳಿದ್ರಾ?"

"ನನ್ ಕೈ ಹಿಡ್ಕೊಂಡಿದ್ರು. ಸಾಯ್ಬೇಡ ಮಗಳೇ, ಸಾಯ್ಬೇಡ ಅಂತಿದ್ರು. ನಾನು ಸಾಯಕ್ಕೆ ಬಂದಿಲ್ಲ ಅಮ್ಮಾ ಅಂದ್ರೆ, ಅವನೂ ಚೆನ್ನಾಗಿತ್ತು ಅಂತ್ಲೇ ಹೇಳಿ ಹೋದ ಅಂದ್ರು. ಆಮೇಲೆ ನಾಲಿಗೆ ತೊದಲಕ್ಕೆ ಶುರುವಾಯ್ತು, ಆಗ್ಲೂ ಅದನ್ನೇ ಹೇಳ್ತಿದ್ರು. ಕೊನೆಗೆ ನಾನು, ಆಯ್ತಮ್ಮ, ಸಾಯಲ್ಲ ಅಂತ ಮಾತು ಕೊಟ್ಟೆ. ಆಗ ಕಣ್ಣು ಮುಚ್ಚಿದ್ರು. ಸಮಾಧಾನವಾಗಿ ನಿದ್ದೆ ಬಂತು ಅಂದ್ಕೊಂಡೆ ನಾನು."